ಕಾನೂನು ಸರಿಯಾದ ದಾರಿಯಲ್ಲಿ ಬಂದರೆ ಸಾಕೆ?

ಶಾಸನಸಭೆ ತನ್ನ ಅಧಿಕಾರದ ವ್ಯಾಪ್ತಿಯೊಳಗೇ ಒಂದು ಕಾನೂನು ಮಾಡಿದೆ. ಸದನದಲ್ಲಿ ಬಹುಮತ ಸಿಕ್ಕಿದೆ, ರಾಜ್ಯಪಾಲರ ಅಂಕಿತ ಬಿದ್ದಿದೆ, ರಾಜ್ಯಪತ್ರದಲ್ಲಿ ಪ್ರಕಟವಾಗಿದೆ. ಆ ಕಾನೂನು ಹೇಳಿದ ಒಂದೊಂದು ಹೆಜ್ಜೆಯನ್ನೂ ತಪ್ಪದೆ ಅನುಸರಿಸಿ ಅಧಿಕಾರಿಯೊಬ್ಬರು ಒಬ್ಬ ಮನುಷ್ಯನನ್ನು ಜೈಲಿಗೆ ಕಳುಹಿಸಿದ್ದಾರೆ. ಇಷ್ಟೆಲ್ಲ ಸರಿಯಿದ್ದರೂ, ಈ ಕಾನೂನಿನ ಹುರುಳೇ ಅನ್ಯಾಯದ್ದು, ಆದ್ದರಿಂದ ಇದು ಸಂವಿಧಾನದ ಮುಂದೆ ನಿಲ್ಲದು ಎಂದು ಹೇಳುವ ಅಧಿಕಾರ ನ್ಯಾಯಾಧೀಶರಿಗೆ ಇರಬೇಕೆ? ಇರಬೇಕು ಎನ್ನುವವರು ಅದನ್ನು ಸಬ್‌ಸ್ಟಾಂಟಿವ್ ಡ್ಯೂ ಪ್ರೊಸೆಸ್ ಎಂದು ಕರೆಯುತ್ತಾರೆ. ಬೇಡ ಎನ್ನುವವರು ಅದನ್ನು ಚುನಾಯಿತರಾಗದ ನ್ಯಾಯಾಧೀಶರ ಸ್ವಂತ ಅಭಿಪ್ರಾಯಕ್ಕೆ ಹೊದಿಸಿದ ಶಾಲು ಎಂದು ಜರಿಯುತ್ತಾರೆ.

2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟ್ ಡಾಬ್ಸ್ ಪ್ರಕರಣದಲ್ಲಿ ಗರ್ಭಪಾತದ ಹಕ್ಕನ್ನು ಹಿಂತೆಗೆದುಕೊಂಡ ಮೇಲೆ ನಮ್ಮ ಕಲಬುರಗಿಯ ಕಿರಿಯ ವಕೀಲರ ಮಾತಿನಲ್ಲೂ ಈ ಪದ ಆಗಾಗ ಬರುತ್ತಿದೆ. ಆದರೆ ಅವರಲ್ಲಿ ಬಹಳಷ್ಟು ಮಂದಿ ಅದನ್ನು ಅಮೆರಿಕದ ಜಗಳವೆಂದೇ ನೋಡುತ್ತಾರೆ. ಅದು ನಮ್ಮ ಜಗಳವೂ ಹೌದು, ಮತ್ತು ಹೈಕೋರ್ಟಿನ ಈ ಕಲಬುರಗಿ ಪೀಠದಲ್ಲಿ ನಾವು ಹಾಕುವ ಹೇಬಿಯಸ್ ಕಾರ್ಪಸ್ ಅರ್ಜಿಗಳಲ್ಲಿ, ಅಂದರೆ ಅಕ್ರಮ ಬಂಧನದಿಂದ ಬಿಡಿಸಲು ಹಾಕುವ ಅರ್ಜಿಗಳಲ್ಲಿ, ಅದು ಇರಬೇಕಾದಷ್ಟು ಇಲ್ಲ ಎಂಬುದೇ ಈ ಬರಹದಲ್ಲಿ ನಾನು ಹೇಳಬೇಕೆಂದಿರುವ ಸಂಗತಿ.

ಮೊದಲು ಅಮೆರಿಕದ ಕಥೆಯನ್ನು ಮುಗಿಸಿಬಿಡುತ್ತೇನೆ. ಕಾನೂನಿನ ಡ್ಯೂ ಪ್ರೊಸೆಸ್ (ನ್ಯಾಯಯುತ ಕ್ರಮ) ಇಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಬಾರದು ಎಂಬ ಮಾತು ಅವರ ಸಂವಿಧಾನದ 1791ರ ಐದನೇ ತಿದ್ದುಪಡಿಯಲ್ಲೂ, ರಾಜ್ಯ ಸರ್ಕಾರಗಳಿಗೆ ಅನ್ವಯಿಸುವಂತೆ 1868ರ ಹದಿನಾಲ್ಕನೇ ತಿದ್ದುಪಡಿಯಲ್ಲೂ ಇದೆ. ಮೇಲ್ನೋಟಕ್ಕೆ ಇದು ವಿಚಾರಣೆಯ ಕ್ರಮದ ಮಾತು. ಆದರೆ 1905ರಲ್ಲಿ ಲಾಕ್ನರ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದೇ ಮಾತಿನೊಳಗೆ ಕರಾರಿನ ಸ್ವಾತಂತ್ರ್ಯವನ್ನು ಕಂಡುಕೊಂಡು, ಬೇಕರಿ ಕೆಲಸಗಾರರನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ನ್ಯೂಯಾರ್ಕ್ ರಾಜ್ಯದ ಕಾನೂನನ್ನು 5-4ರ ಬಹುಮತದಲ್ಲಿ ರದ್ದುಪಡಿಸಿತು. ಒಲೆಯ ಮುಂದೆ ಬೇಯುವ ಕೆಲಸಗಾರನನ್ನು ಕಾಪಾಡಲು ಬಂದ ಕಾನೂನು ಆ ಕೆಲಸಗಾರನದೇ ಸ್ವಾತಂತ್ರ್ಯದ ಹೆಸರಿನಲ್ಲಿ ಬಿದ್ದುಹೋಯಿತು. ಯಾವುದೋ ಒಂದು ಆರ್ಥಿಕ ಸಿದ್ಧಾಂತವನ್ನು ಜಾರಿಗೆ ತರುವುದಕ್ಕಾಗಿ ಹದಿನಾಲ್ಕನೇ ತಿದ್ದುಪಡಿಯನ್ನು ಬರೆದಿಲ್ಲ ಎಂಬುದು ನ್ಯಾಯಮೂರ್ತಿ ಹೋಮ್ಸ್ ಅವರ ಭಿನ್ನ ತೀರ್ಪಿನ ತಿರುಳು. 1937ರಲ್ಲಿ ಕನಿಷ್ಠ ಕೂಲಿಯ ಕಾನೂನನ್ನು ಎತ್ತಿಹಿಡಿಯುವ ಮೂಲಕ ಕೋರ್ಟ್ ಆ ದಾರಿಯನ್ನು ಬಿಟ್ಟಿತು. ಆದರೆ 1965ರಲ್ಲಿ ಗ್ರಿಸ್ವಾಲ್ಡ್ ಪ್ರಕರಣದಲ್ಲಿ ದಂಪತಿಗಳು ಗರ್ಭನಿರೋಧಕ ಬಳಸುವ ಹಕ್ಕಿಗೂ, 1973ರಲ್ಲಿ ರೋ ಪ್ರಕರಣದಲ್ಲಿ ಗರ್ಭಪಾತಕ್ಕೂ, 2015ರಲ್ಲಿ ಓಬರ್ಗೆಫೆಲ್ ಪ್ರಕರಣದಲ್ಲಿ ಸಲಿಂಗ ವಿವಾಹಕ್ಕೂ ಅದೇ ಚಿಂತನೆಯ ಬೇರೊಂದು ರೂಪ ಆಸರೆಯಾಯಿತು. ಬಲಪಂಥದವರು ಹಿಡಿದಾಗ ಮಾಲೀಕರಿಗೆ, ಉದಾರವಾದಿಗಳು ಹಿಡಿದಾಗ ವ್ಯಕ್ತಿಯ ಖಾಸಗಿ ಬದುಕಿಗೆ ನೆರವಾದ ಒಂದೇ ಸಲಕರಣೆ ಅದು. ಈ ಆರೋಪ ಸುಳ್ಳಲ್ಲ. ಈ ತತ್ತ್ವದ ಪರ ವಾದಿಸುವವರು ಅದನ್ನು ಒಪ್ಪಿಕೊಂಡೇ ಮುಂದುವರಿಯಬೇಕು.

ಡಾಬ್ಸ್ ಬಹುಮತದ ತೀರ್ಪು ಹಾಕಿದ ಅಳತೆಗೋಲು ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ. ಸಂವಿಧಾನದಲ್ಲಿ ಹೆಸರಿಸದ ಹಕ್ಕೊಂದನ್ನು ಮಾನ್ಯ ಮಾಡಬೇಕಾದರೆ ಅದು ಆ ರಾಷ್ಟ್ರದ ಇತಿಹಾಸ ಮತ್ತು ಸಂಪ್ರದಾಯದಲ್ಲಿ ಆಳವಾಗಿ ಬೇರೂರಿರಬೇಕು ಎಂಬುದು ಆ ಅಳತೆ. ನ್ಯಾಯಮೂರ್ತಿ ಥಾಮಸ್ ತಮ್ಮ ಸಹಮತದ ತೀರ್ಪಿನಲ್ಲಿ ಇನ್ನೂ ಮುಂದೆ ಹೋಗಿ, ಗ್ರಿಸ್ವಾಲ್ಡ್ ಮತ್ತು ಓಬರ್ಗೆಫೆಲ್ ಸೇರಿದಂತೆ ಈ ಸಾಲಿನ ತೀರ್ಪುಗಳನ್ನೆಲ್ಲ ಮರುಪರಿಶೀಲಿಸಬೇಕೆಂದರು. ಸಂಪ್ರದಾಯದ ಈ ಅಳತೆಯನ್ನು ನಮ್ಮ ನೆಲಕ್ಕೆ ತಂದರೆ ಏನಾಗುತ್ತದೆಂದು ಯೋಚಿಸಲು ಕಲಬುರಗಿಯವರು ದೂರ ಹೋಗಬೇಕಾಗಿಲ್ಲ, ಬೀದರ್ ಜಿಲ್ಲೆಯ ಬಸವಕಲ್ಯಾಣದವರೆಗೆ ಹೋದರೆ ಸಾಕು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮನೆಗೂ ಬ್ರಾಹ್ಮಣ ಮಧುವರಸರ ಮನೆಗೂ ನಡೆದ ಮದುವೆ ಸಂಬಂಧವನ್ನು, ಅದಕ್ಕಾಗಿ ಬಿಜ್ಜಳನ ಆಳ್ವಿಕೆ ಆ ಇಬ್ಬರು ತಂದೆಯರಿಗೆ ವಿಧಿಸಿದ ಘೋರ ಶಿಕ್ಷೆಯನ್ನು ಶರಣ ಪರಂಪರೆ ಇಂದಿಗೂ ನೆನೆಯುತ್ತದೆ. ಈ ಎರಡರಲ್ಲಿ ಸಂಪ್ರದಾಯ ಯಾವುದು? ಮದುವೆಯೋ, ಶಿಕ್ಷೆಯೋ? ಎಷ್ಟು ಕಾಲದಿಂದ, ಎಷ್ಟು ಊರುಗಳಲ್ಲಿ ಎಂದು ಲೆಕ್ಕ ಹಾಕಿದರೆ ಬಿಜ್ಜಳನ ಪಕ್ಷವೇ ಗೆಲ್ಲುತ್ತದೆ. ಅಸ್ಪೃಶ್ಯತೆಯನ್ನು ಹದಿನೇಳನೇ ವಿಧಿಯ ಒಂದೇ ಸಾಲಿನಲ್ಲಿ ರದ್ದುಪಡಿಸಿದ ಸಂವಿಧಾನ ನಮ್ಮದು. ಬೇರೂರಿದ್ದರ ಬೇರು ಕೀಳುವುದೇ ಅದರ ಉದ್ದೇಶಗಳಲ್ಲಿ ಒಂದು. ವಯಸ್ಕರು ತಮ್ಮ ಸಂಗಾತಿಯನ್ನು ಆರಿಸಿಕೊಳ್ಳುವ ಹಕ್ಕು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಪಾಡುವ 21ನೇ ವಿಧಿಯೊಳಗೇ ಇದೆ ಎಂದು ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ಶಕ್ತಿವಾಹಿನಿ ಮತ್ತು ಶಫೀನ್ ಜಹಾನ್ ಪ್ರಕರಣಗಳಲ್ಲಿ ಹೇಳಲು ಸಾಧ್ಯವಾದದ್ದು ಸಂಪ್ರದಾಯದ ಅಪ್ಪಣೆ ಕೇಳದೆ ಇದ್ದುದರಿಂದಲೇ.

ಇನ್ನು ನಮ್ಮ ಕಥೆ. ಡ್ಯೂ ಪ್ರೊಸೆಸ್ ಎಂಬ ಪದ ನಮ್ಮ ಸಂವಿಧಾನದಲ್ಲಿಲ್ಲ, ಮತ್ತು ಅದು ಕಣ್ತಪ್ಪಿನಿಂದ ಬಿಟ್ಟುಹೋದ ಪದವೂ ಅಲ್ಲ. 1947ರ ಏಪ್ರಿಲ್‌ನಲ್ಲಿ ಸಂವಿಧಾನ ರಚನಾ ಸಭೆ ಒಪ್ಪಿದ ಮೂಲಭೂತ ಹಕ್ಕುಗಳ ವರದಿಯಲ್ಲಿ ಅದು ಇತ್ತು. ಸಂವಿಧಾನ ಸಲಹೆಗಾರರಾದ ಬಿ.ಎನ್. ರಾವ್ ಅವರು, ನಮ್ಮ ಮಂಗಳೂರಿನವರು, ಆ ವರ್ಷದ ಕೊನೆಯ ಭಾಗದಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಭೇಟಿಯಾದಾಗ, ಕಾನೂನುಗಳನ್ನು ಹೊಡೆದುಹಾಕುವ ಈ ಅಧಿಕಾರ ಪ್ರಜಾಪ್ರಭುತ್ವಕ್ಕೂ ಒಗ್ಗದು, ನ್ಯಾಯಾಂಗಕ್ಕೂ ಭಾರ ಎಂಬ ಅಭಿಪ್ರಾಯ ಅವರಿಗೆ ಸಿಕ್ಕಿತು. ಲಾಕ್ನರ್ ಕಾಲವನ್ನು ಕಣ್ಣಾರೆ ಕಂಡಿದ್ದ ಫ್ರಾಂಕ್‌ಫರ್ಟರ್ ಬೇರೇನು ಹೇಳಿಯಾರು? 1948ರ ಕರಡಿನ ಹೊತ್ತಿಗೆ ಆ ಪದ ಹೋಗಿ, ಜಪಾನಿನ ಹೊಸ ಸಂವಿಧಾನದ 31ನೇ ವಿಧಿಯ ಮಾದರಿಯಲ್ಲಿ, ಕಾನೂನು ಸ್ಥಾಪಿಸಿದ ಕಾರ್ಯವಿಧಾನ ಎಂಬ ಮಾತು ಬಂದಿತ್ತು. ಭೂಸುಧಾರಣೆಯ ಕಾನೂನುಗಳು ಕೋರ್ಟಿನಲ್ಲಿ ಸಿಕ್ಕಿಬೀಳಬಾರದು ಎಂಬ ಆತಂಕವೂ ಆ ಹೊತ್ತಿನಲ್ಲಿ ಗಟ್ಟಿಯಾಗಿತ್ತು.

1948ರ ಡಿಸೆಂಬರ್ 13ರಂದು ಸಭೆಯಲ್ಲಿ ಅಂಬೇಡ್ಕರ್ ಅವರು ಆಡಿದ ಮಾತನ್ನು ನಾನು ಕಿರಿಯರಿಗೆ ಮತ್ತೆ ಮತ್ತೆ ಓದಲು ಹೇಳುತ್ತೇನೆ. ಪಕ್ಷದ ಮಂದಿಯೇ ತುಂಬಿದ ಶಾಸನಸಭೆ ಮೂಲಭೂತ ಹಕ್ಕುಗಳನ್ನು ತುಳಿಯುವ ಕಾನೂನು ಮಾಡೀತು ಎಂಬ ಭಯ ಒಂದು ಕಡೆ. ಸುಪ್ರೀಂ ಕೋರ್ಟಿನಲ್ಲಿ ಕುಳಿತ ಐದಾರು ಮಂದಿ ತಮ್ಮ ವೈಯಕ್ತಿಕ ಒಲವಿನ ಮೇಲೆ ಯಾವ ಕಾನೂನು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ನಿರ್ಧರಿಸಬೇಕೆ ಎಂಬ ಸಂಶಯ ಇನ್ನೊಂದು ಕಡೆ. ಅತ್ತ ದರಿ, ಇತ್ತ ಪುಲಿ ಎಂಬ ಸ್ಥಿತಿ. ಅವರು ಎರಡೂ ಪಕ್ಷವನ್ನು ನ್ಯಾಯವಾಗಿ ಮುಂದಿಟ್ಟು, ತಮ್ಮ ತೀರ್ಮಾನ ಹೇಳದೆ, ಸದನಕ್ಕೇ ಬಿಟ್ಟರು. ಸದನ ಡ್ಯೂ ಪ್ರೊಸೆಸ್ ಬೇಡವೆಂದಿತು.

ಆ ದಿನ ಆ ಸದನದಲ್ಲಿ ನಮ್ಮ ಕಡೆಯವರು ಯಾರೂ ಇರಲಿಲ್ಲ. ಹೈದರಾಬಾದ್ ಸಂಸ್ಥಾನ ಸಂವಿಧಾನ ಸಭೆಗೆ ಪ್ರತಿನಿಧಿಗಳನ್ನು ಕಳುಹಿಸಲೇ ಇಲ್ಲ. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಗುಲ್ಬರ್ಗಾ, ಬೀದರ್‌ಗಳು ಮಿಲಿಟರಿ ಗವರ್ನರ್ ಆಡಳಿತದಲ್ಲಿದ್ದವು. ಸಂವಿಧಾನವನ್ನು ಒಪ್ಪುವ ನಿಜಾಮರ ಫರ್ಮಾನು ಬಂದದ್ದು 1949ರ ನವೆಂಬರ್‌ನಲ್ಲಿ. ಅಷ್ಟರೊಳಗೆ ಸಂಸ್ಥಾನದಲ್ಲಿ ವಿಶೇಷ ನ್ಯಾಯಮಂಡಳಿಗಳು ನೇಮಕವಾಗಿ, ತೆಲಂಗಾಣದ ಸಶಸ್ತ್ರ ರೈತ ಹೋರಾಟದ ಕೆಲವರಿಗೆ ಮರಣದಂಡನೆಯನ್ನೂ ವಿಧಿಸಿದ್ದವು. ಅವರಲ್ಲಿ ಜನಾರ್ದನ ರೆಡ್ಡಿ ಮತ್ತು ಇತರರು ಸುಪ್ರೀಂ ಕೋರ್ಟಿಗೆ ಬಂದಾಗ, ಹೈದರಾಬಾದ್ ಹೈಕೋರ್ಟಿನ ತೀರ್ಪು 1950ರ ಜನವರಿ 26ಕ್ಕಿಂತ ಮೊದಲಿನದಾದ್ದರಿಂದ ಮೇಲ್ಮನವಿಗೆ ಅವಕಾಶವಿಲ್ಲ ಎಂಬ ಉತ್ತರ ಸಿಕ್ಕಿತು; ವಿಚಾರಣೆಯಲ್ಲಿ ವಕೀಲರ ನೆರವು ಸಿಗಲಿಲ್ಲ ಎಂಬ ಅಳಲಿಗೂ 1951ರಲ್ಲಿ ಪರಿಹಾರ ದೊರೆಯಲಿಲ್ಲ. ಕಾರ್ಯವಿಧಾನ ಎಂಬುದೊಂದು ಇದ್ದ ಮಾತ್ರಕ್ಕೆ ನ್ಯಾಯ ಇದ್ದಂತಾಗುವುದಿಲ್ಲ ಎಂಬ ಪಾಠವನ್ನು ಈ ಪ್ರದೇಶ ಸಂವಿಧಾನದ ಹೊಸ್ತಿಲಲ್ಲೇ ಕಲಿತಿತ್ತು.

ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಪ್ರಕರಣದಲ್ಲಿ 1950ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟಿನ ಬಹುಮತ, ಸಂವಿಧಾನ ಸಭೆ ಬೇಕೆಂದೇ ಕೈಬಿಟ್ಟದ್ದನ್ನು ನಾವು ಹಿಂಬಾಗಿಲಿನಿಂದ ತರಲಾರೆವು ಎಂಬ ನಿಲುವು ತಾಳಿತು. ಕಾನೂನು ಎಂದರೆ ಶಾಸನಸಭೆ ಮಾಡಿದ ಕಾನೂನು, ಅಷ್ಟೇ. ಕಾರ್ಯವಿಧಾನ ಎಂಬ ಮಾತಿನಲ್ಲಿ ನೋಟಿಸು, ಅಹವಾಲು ಹೇಳಿಕೊಳ್ಳುವ ಅವಕಾಶ, ನಿಷ್ಪಕ್ಷಪಾತ ನ್ಯಾಯಮಂಡಳಿ ಇವೆಲ್ಲ ಅಡಕವಾಗಿವೆ ಎಂದು ಭಿನ್ನ ತೀರ್ಪು ಬರೆದವರು ನ್ಯಾಯಮೂರ್ತಿ ಫಜಲ್ ಅಲಿ ಒಬ್ಬರೇ. ಜನಾರ್ದನ ರೆಡ್ಡಿ ಪ್ರಕರಣದ ತೀರ್ಪುಗಳನ್ನು ಬರೆದವರೂ ಅವರೇ ಎಂಬುದು ನಮ್ಮ ಪ್ರದೇಶದ ಓದುಗರಿಗೆ ತುಸು ಕಹಿಯಾದ ಸಂಗತಿ.

ಆಮೇಲಿನ ದಾರಿ ಕಾನೂನು ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ: 1970ರ ಬ್ಯಾಂಕ್ ರಾಷ್ಟ್ರೀಕರಣ ಪ್ರಕರಣ, 1976ರಲ್ಲಿ ತುರ್ತುಪರಿಸ್ಥಿತಿಯ ನಡುವೆ, ಬಂಧನವನ್ನು ಪ್ರಶ್ನಿಸಿ ಕೋರ್ಟಿಗೆ ಬರುವ ಹಕ್ಕೇ ಇಲ್ಲವೆಂದ ಎಡಿಎಂ ಜಬಲ್‌ಪುರ ತೀರ್ಪು, ಆ ಅವಮಾನದ ಬೆನ್ನಿಗೆ 1978ರ ಜನವರಿ 25ರ ಮೇನಕಾ ಗಾಂಧಿ ತೀರ್ಪು. ಪಾಸ್‌ಪೋರ್ಟ್ ಕಸಿದುಕೊಂಡ ಒಂದು ಸಣ್ಣ ವ್ಯಾಜ್ಯದಿಂದ, ಕಾರ್ಯವಿಧಾನವು ನ್ಯಾಯಯುತವಾಗಿ, ಉಚಿತವಾಗಿ, ವಿವೇಚನೆಯಿಂದ ಕೂಡಿರಬೇಕು ಎಂಬ ದೊಡ್ಡ ತತ್ತ್ವ ಹೊರಟಿತು. ಅದೇ ವರ್ಷ ಸುನಿಲ್ ಬಾತ್ರಾ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ನಮ್ಮ ಸಂವಿಧಾನದಲ್ಲಿ ಡ್ಯೂ ಪ್ರೊಸೆಸ್ ವಾಕ್ಯ ಇಲ್ಲದಿದ್ದರೂ ಪರಿಣಾಮ ಒಂದೇ ಎಂದು ಬಿಚ್ಚಿ ಹೇಳಿಯೇಬಿಟ್ಟರು.

ನನ್ನ ಮಟ್ಟಿಗೆ ನಿಜವಾದ ತಿರುವು ಮೇನಕಾ ಅಲ್ಲ, 1983ರ ಮಿಠು ಪ್ರಕರಣ. ಮೇನಕಾ ತೀರ್ಪು ಕಾರ್ಯವಿಧಾನದ ಗುಣವನ್ನು ಅಳೆಯಿತು. ಮಿಠು ತೀರ್ಪು ಕಾನೂನಿನ ಹುರುಳಿಗೇ ಕೈಹಾಕಿತು. ಜೀವಾವಧಿ ಶಿಕ್ಷೆ ಅನುಭವಿಸುತ್ತಿರುವವನು ಕೊಲೆ ಮಾಡಿದರೆ ಅವನಿಗೆ ಮರಣದಂಡನೆಯೊಂದೇ ಶಿಕ್ಷೆ ಎಂದು ಭಾರತೀಯ ದಂಡ ಸಂಹಿತೆಯ 303ನೇ ಸೆಕ್ಷನ್ ಹೇಳುತ್ತಿತ್ತು. ವಿಚಾರಣೆಯ ಕ್ರಮದಲ್ಲಿ ಯಾವ ಲೋಪವೂ ಇರಲಿಲ್ಲ, ಆದರೆ ಶಿಕ್ಷೆ ನಿರ್ಧರಿಸುವ ಘಟ್ಟದಲ್ಲಿ ನ್ಯಾಯಾಧೀಶರ ವಿವೇಚನೆಗೆ ಜಾಗವೇ ಇರಲಿಲ್ಲ. ಶಾಸನಸಭೆ ಶಿಕ್ಷೆಯನ್ನು ಬರೆಯುವುದು, ಕೋರ್ಟು ಅದನ್ನು ವಿಧಿಸುವುದು ಅಷ್ಟೇ ಎಂದು ವಾದಿಸುವ ಕಾಲ ಮುಗಿಯಿತು ಎಂಬ ಅರ್ಥದ ಮಾತನ್ನು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಬರೆದು, ಆ ಸೆಕ್ಷನ್ನನ್ನೇ ತೆಗೆದುಹಾಕಿದರು. ಎಡಿಎಂ ಜಬಲ್‌ಪುರದಲ್ಲಿ ಸರ್ಕಾರದ ಪರ ನಿಂತ ನಾಲ್ವರಲ್ಲಿ ಅವರೂ ಒಬ್ಬರು. ಆ ಜಬಲ್‌ಪುರ ತೀರ್ಪನ್ನು 2017ರಲ್ಲಿ ಅಳಿಸಿಹಾಕಿದ್ದು ಅವರ ಮಗ, ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 104ನೇ ಸೆಕ್ಷನ್ನಿನಲ್ಲಿ ಇದೇ ಅಪರಾಧಕ್ಕೆ ಮರಣದಂಡನೆ ಅಥವಾ ಸಾಯುವವರೆಗಿನ ಜೀವಾವಧಿ ಎಂದು ಎರಡು ದಾರಿ ಇಟ್ಟಿರುವುದು ಮಿಠು ತೀರ್ಪಿನ ಫಲ ಎಂದೇ ನಾನು ತಿಳಿಯುತ್ತೇನೆ.

ಕರ್ನಾಟಕದಿಂದ ಹೋದ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ಅಧಿಕಾರ ಎಲ್ಲಿ ಸಲ್ಲುತ್ತದೆ, ಎಲ್ಲಿ ಹಿಗ್ಗಿಹೋಗುತ್ತದೆ ಎಂಬುದು ಕಾಣುತ್ತದೆ. ಒಂದು, 1992ರ ಮೋಹಿನಿ ಜೈನ್ ಪ್ರಕರಣ. ಖಾಸಗಿ ವೈದ್ಯಕೀಯ ಕಾಲೇಜುಗಳು ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ತೆಗೆದುಕೊಳ್ಳಬೇಕು, ಹೊರರಾಜ್ಯದವರಿಂದ 60,000 ರೂಪಾಯಿಯವರೆಗೆ ತೆಗೆದುಕೊಳ್ಳಬಹುದು ಎಂಬ ರಾಜ್ಯ ಸರ್ಕಾರದ 1989ರ ಅಧಿಸೂಚನೆ ಅಲ್ಲಿ ಪ್ರಶ್ನೆಗೊಳಗಾಯಿತು. ಡೊನೇಷನ್ ಕಟ್ಟಲು ಹೊಲ ಮಾರಿದ ಕುಟುಂಬಗಳು ನಮ್ಮ ಈ ಭಾಗದ ಜಿಲ್ಲೆಗಳಲ್ಲೂ ಇವೆ, ಆದ್ದರಿಂದ ಆ ತೀರ್ಪಿನ ಕಳಕಳಿ ನನಗೆ ಅರ್ಥವಾಗದೆ ಇಲ್ಲ. ಆದರೆ ಇಬ್ಬರು ನ್ಯಾಯಮೂರ್ತಿಗಳು ಎಲ್ಲ ಹಂತದ ಶಿಕ್ಷಣವೂ 21ನೇ ವಿಧಿಯ ಹಕ್ಕು ಎಂದರು, ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರ ಪೀಠ ಅದನ್ನು 14 ವರ್ಷದವರೆಗೆ ಎಂದು ಕುಗ್ಗಿಸಿ, ಶುಲ್ಕ ಮತ್ತು ಪ್ರವೇಶಕ್ಕೆ ತಾನೇ ಒಂದು ಯೋಜನೆ ರೂಪಿಸಿತು, 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ ಹನ್ನೊಂದು ಮಂದಿಯ ಪೀಠ ಆ ಯೋಜನೆಯನ್ನು ತಳ್ಳಿಹಾಕಿತು. ಅದೇ ವರ್ಷ 86ನೇ ತಿದ್ದುಪಡಿಯ ಮೂಲಕ ಸಂಸತ್ತು 21ಎ ವಿಧಿಯನ್ನು ತಂದಾಗಲೇ ಮಕ್ಕಳ ಶಿಕ್ಷಣದ ಹಕ್ಕಿಗೆ ಗಟ್ಟಿ ನೆಲ ಸಿಕ್ಕಿತು. ಹಣ ಎಲ್ಲಿಂದ, ಸೀಟು ಯಾರಿಗೆ, ಶುಲ್ಕ ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರಿಸಲು ಕೋರ್ಟಿನ ಬಳಿ ಬೊಕ್ಕಸವೂ ಇಲ್ಲ, ಚುನಾವಣೆಯ ಹೊಣೆಯೂ ಇಲ್ಲ. ಫ್ರಾಂಕ್‌ಫರ್ಟರ್ ಅವರ ಎಚ್ಚರಿಕೆ ಸಲ್ಲುವುದು ಇಂತಹ ಕಡೆ.

ಇನ್ನೊಂದು, 2010ರ ಮೇ 5ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು. ಆರೋಪಿಯ ಒಪ್ಪಿಗೆಯಿಲ್ಲದೆ ಅವನ ರಕ್ತಕ್ಕೆ ಮದ್ದು ಸೇರಿಸಿ ಬಾಯಿ ಬಿಡಿಸುವ ನಾರ್ಕೋ ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ಅಲೆಗಳ ಪರೀಕ್ಷೆ ಇವು ಮೂರೂ ಸಲ್ಲವು ಎಂದು ಮೂವರ ಪೀಠ ಹೇಳಿತು. ಆ ದಶಕದಲ್ಲಿ ಇಂತಹ ಪರೀಕ್ಷೆಗಳಿಗೆ ಬೆಂಗಳೂರು ದೇಶದಲ್ಲೇ ಹೆಸರಾಗಿತ್ತು. ಟಿವಿಯಲ್ಲಿ ಅವುಗಳ ದೃಶ್ಯಗಳು ಬರುತ್ತಿದ್ದುದನ್ನು ಓದುಗರು ಮರೆತಿರಲಾರರು. ವೈಯಕ್ತಿಕ ಸ್ವಾತಂತ್ರ್ಯವನ್ನು ನಿರ್ಬಂಧಿಸಲು ಬೇಕಾದ ಸಬ್‌ಸ್ಟಾಂಟಿವ್ ಡ್ಯೂ ಪ್ರೊಸೆಸ್ ಮಟ್ಟವನ್ನು ಈ ಬಲವಂತ ಮುಟ್ಟುವುದಿಲ್ಲ ಎಂದು ಹೆಸರಿಟ್ಟೇ ಹೇಳಿದ್ದು ಆ ತೀರ್ಪಿನ ವಿಶೇಷ. ಇಲ್ಲಿ ಬೊಕ್ಕಸದ ಪ್ರಶ್ನೆಯಿಲ್ಲ, ನೀತಿಯ ಆಯ್ಕೆಯಿಲ್ಲ. ಪ್ರಭುತ್ವದ ಕೈ ಮತ್ತು ಒಬ್ಬ ಮನುಷ್ಯನ ಮೈ, ಇವೆರಡೇ ಎದುರುಬದುರು. ಈ ಅಧಿಕಾರ ಮೈಗೆ ಹತ್ತಿರವಾದಷ್ಟೂ ನ್ಯಾಯವಾದದ್ದು, ನೀತಿಗೆ ಹತ್ತಿರವಾದಷ್ಟೂ ಅನುಮಾನದ್ದು ಎಂಬುದು ನನ್ನ ನಿಲುವು. ಗೆರೆ ಎಲ್ಲ ಕಡೆಯೂ ನೇರವಾಗಿ ಎಳೆಯಲು ಬರುವುದಿಲ್ಲ, ನಿಜ. ಆದರೂ ಗೆರೆಯೇ ಇಲ್ಲದಿರುವುದಕ್ಕಿಂತ ಅದು ಮೇಲು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನಲ್ಲಿ ನಿಂತಿರುವ 2017ರ ಆಗಸ್ಟ್ 24ರ, ಖಾಸಗಿತನ ಮೂಲಭೂತ ಹಕ್ಕು ಎಂದ ಒಂಬತ್ತು ಮಂದಿಯ ತೀರ್ಪಿನ ನಂತರ, ನಮ್ಮಲ್ಲಿ ಈ ತತ್ತ್ವ ಇದೆಯೋ ಇಲ್ಲವೋ ಎಂಬ ಚರ್ಚೆ ಮುಗಿಯಿತೆಂದೇ ಹೇಳಬಹುದು. ಕಾನೂನು ಇರಬೇಕು, ಅದಕ್ಕೊಂದು ನ್ಯಾಯಸಮ್ಮತ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ನಿರ್ಬಂಧ ಇರಬೇಕು ಎಂಬ ಅನುಪಾತದ ಪರೀಕ್ಷೆ ಅಲ್ಲಿಂದ ನೆಲೆಗೊಂಡಿತು. ಹಾಗಿದ್ದ ಮೇಲೆ ಆ ಪರೀಕ್ಷೆ ಎಲ್ಲಕ್ಕಿಂತ ಮೊದಲು ಎಲ್ಲಿಗೆ ಬರಬೇಕಿತ್ತು? ವಿಚಾರಣೆಯೇ ಇಲ್ಲದೆ ಮನುಷ್ಯರನ್ನು ಒಳಗಿಡುವ ಕಾನೂನುಗಳ ಮೇಲೆ. ಅಲ್ಲಿಗೇ ಅದು ಬರಲು ಹಿಂಜರಿಯುತ್ತಿದೆ.

ನಮ್ಮಲ್ಲಿ ಎಲ್ಲರೂ ಗೂಂಡಾ ಕಾಯ್ದೆ ಎಂದು ಕರೆಯುವ 1985ರ ಕರ್ನಾಟಕ ಕಾಯ್ದೆಯಡಿ ಒಬ್ಬನನ್ನು 12 ತಿಂಗಳವರೆಗೆ ವಿಚಾರಣೆಯಿಲ್ಲದೆ ಇಡಬಹುದು. 2008ರಲ್ಲಿ ಇಲ್ಲಿ ಸಂಚಾರಿ ಪೀಠ ಆರಂಭವಾಗುವ ಮೊದಲು ಇಂತಹ ಆದೇಶದ ವಿರುದ್ಧ ಅರ್ಜಿ ಹಾಕಲು ಮನೆಯವರು ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೇ ಹೋಗಬೇಕಿತ್ತು. 2013ರಲ್ಲಿ ಕಾಯಂ ಪೀಠವಾದ ಮೇಲೆ ಆ ಕಷ್ಟ ತಪ್ಪಿದೆ. ಆದರೆ ಅರ್ಜಿಯಲ್ಲಿ ನಾವು ಎತ್ತುವ ಅಂಶಗಳು ಯಾವುವು? ಮನವಿಯನ್ನು ಪರಿಶೀಲಿಸಲು ಸರ್ಕಾರ ತಡಮಾಡಿತು, ಕೊಟ್ಟ ಜೆರಾಕ್ಸ್ ಪ್ರತಿ ಓದಲು ಬರುವುದಿಲ್ಲ, ಬಂಧನದ ಆಧಾರಗಳನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಕೊಟ್ಟಿಲ್ಲ. ಮನೆಯಲ್ಲಿ ಉರ್ದು, ಮರಾಠಿ, ತೆಲುಗು ಆಡುವವರು ತುಂಬಿರುವ ಈ ಭಾಗದಲ್ಲಿ ಕೊನೆಯ ಅಂಶ ಬಹಳ ಉಪಯುಕ್ತ, ಏಕೆಂದರೆ 1962ರ ಹರಿಕಿಶನ್ ಪ್ರಕರಣದಿಂದಲೂ ಸುಪ್ರೀಂ ಕೋರ್ಟ್ ಅದರಲ್ಲಿ ಕಟ್ಟುನಿಟ್ಟಾಗಿದೆ. ನಾನೂ ಅದನ್ನೇ ಎತ್ತುತ್ತೇನೆ. ಕಕ್ಷಿದಾರ ಹೊರಗೆ ಬರುವುದು ಮುಖ್ಯ. ಆದರೆ ಇವೆಲ್ಲವೂ ಕ್ರಮದ ದೋಷಗಳು. ಅನುವಾದ ಸರಿಯಾಗಿದ್ದು, ಪ್ರತಿ ಸ್ಪಷ್ಟವಾಗಿದ್ದು, ಕಡತ ವೇಗವಾಗಿ ಓಡಿದ್ದರೆ ಅದೇ ಮನುಷ್ಯ ವರ್ಷವಿಡೀ ಒಳಗಿರುತ್ತಾನೆ. ಅವನ ಮೇಲಿನ ಹಳೆಯ ಕೇಸುಗಳಲ್ಲಿ ಸಿಕ್ಕ ಜಾಮೀನನ್ನು ರದ್ದುಪಡಿಸಲು ಅರ್ಜಿ ಹಾಕುವ ಸಾದಾ ದಾರಿ ಇರುವಾಗ ಇಷ್ಟು ದೊಡ್ಡ ನಿರ್ಬಂಧ ಬೇಕಿತ್ತೇ ಎಂಬ ಹುರುಳಿನ ಪ್ರಶ್ನೆ ಅಂಚಿನಲ್ಲೇ ಉಳಿಯುತ್ತದೆ. ಪಕ್ಕದ ತೆಲಂಗಾಣದ ಇಂತಹದೇ ಕಾಯ್ದೆಯಡಿ ಬಂದ ಆದೇಶಗಳನ್ನು 2021ರ ಬಂಕಾ ಸ್ನೇಹ ಶೀಲಾ ಮತ್ತು 2023ರ ಅಮೀನಾ ಬೇಗಂ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿ ಕಟುವಾಗಿ ಮಾತಾಡಿದೆ. ಹಾಗಿದ್ದರೂ ಅವು ಬಿಡಿ ಆದೇಶಗಳ ಮೇಲಿನ ತೀರ್ಪುಗಳು, ಕಾಯ್ದೆಯ ಮೇಲಿನವಲ್ಲ.

ಮುಂಜಾಗ್ರತಾ ಬಂಧನವನ್ನು ಸಂವಿಧಾನದ 22ನೇ ವಿಧಿಯೇ ಒಪ್ಪಿದೆಯಲ್ಲ, ಅದನ್ನು 21ನೇ ವಿಧಿಯಿಂದ ಹೇಗೆ ಅಳೆಯುತ್ತೀರಿ ಎಂದು ಸರ್ಕಾರದ ಪರ ವಕೀಲರು ಕೇಳುತ್ತಾರೆ, ಮತ್ತು ಅದು ತೂಕದ ಪ್ರಶ್ನೆ. ಆ ವಿಧಿಯ ಹುಟ್ಟನ್ನು ನೋಡಬೇಕು. ಡ್ಯೂ ಪ್ರೊಸೆಸ್ ಬಿಟ್ಟದ್ದಕ್ಕೆ ಹೊರಗೆ ಬಂದ ತೀವ್ರ ಟೀಕೆಗೆ ಉತ್ತರವಾಗಿ, ಕಳೆದುಕೊಂಡದ್ದನ್ನು ಒಂದಿಷ್ಟು ತುಂಬಿಕೊಡಲು 1949ರ ಸೆಪ್ಟೆಂಬರ್‌ನಲ್ಲಿ ಅಂಬೇಡ್ಕರ್ ತಂದದ್ದೇ ಈ ವಿಧಿ. ಕಾಪಾಡಲು ಬಂದ ವಿಧಿಯನ್ನು ಕಸಿಯುವ ಪರವಾನಗಿಯೆಂದು ಓದುವುದು ಅದರ ಉದ್ದೇಶಕ್ಕೇ ವಿರುದ್ಧ. ಕಾನೂನು ಮಾಡಬಹುದು ಎಂದು 22ನೇ ವಿಧಿ ಹೇಳುತ್ತದೆ. ಎಂತಹ ಕಾನೂನಾದರೂ ನಡೆಯುತ್ತದೆ ಎಂದು ಹೇಳುವುದಿಲ್ಲ. 1978ರ 44ನೇ ತಿದ್ದುಪಡಿಯ ಮೂರನೇ ಸೆಕ್ಷನ್ ಈ ವಿಧಿಯನ್ನು ಬಿಗಿಗೊಳಿಸಿ, ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ನೋಡುವ ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ಬಂಧನದಲ್ಲಿಡುವ ಅವಧಿಯನ್ನು ಮೂರು ತಿಂಗಳಿನಿಂದ ಎರಡಕ್ಕೆ ಇಳಿಸಿತ್ತು. ಸಂಸತ್ತು ಅಂಗೀಕರಿಸಿದ ಆ ಸೆಕ್ಷನ್ನನ್ನು ಯಾವ ಸರ್ಕಾರವೂ ಜಾರಿಗೆ ತಂದಿಲ್ಲ. ಜಾರಿಗೆ ತನ್ನಿ ಎಂದು ಆದೇಶಿಸಲು 1982ರ ಎ.ಕೆ. ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸಲಹಾ ಮಂಡಳಿಯ ಮುಂದೆ ಬಂಧಿತನಿಗೆ ವಕೀಲರ ಹಕ್ಕಿಲ್ಲ ಎಂದೂ ಅದೇ ತೀರ್ಪು ಹೇಳಿತು. ಅದು ಪುಟ್ಟಸ್ವಾಮಿ ತೀರ್ಪಿಗಿಂತ 35 ವರ್ಷ ಹಿಂದಿನದು, ಐವರ ಪೀಠದ್ದು. ಪುಟ್ಟಸ್ವಾಮಿ ತೀರ್ಪು ಒಂಬತ್ತು ಮಂದಿಯದು. ಈ ಪೀಠದಲ್ಲಿ ಮುಂದೆ ಹಾಕುವ ಹೇಬಿಯಸ್ ಕಾರ್ಪಸ್ ಅರ್ಜಿಗಳಲ್ಲಿ, ಅನುವಾದದ ಅಂಶ, ತಡದ ಅಂಶಗಳ ಕೆಳಗೆ ಅನುಪಾತದ ಪರೀಕ್ಷೆಯನ್ನೂ ಒಂದು ಪ್ರತ್ಯೇಕ ಆಧಾರವಾಗಿ ಬರೆಯಿರಿ ಎಂದು ನನ್ನ ಕಿರಿಯರಿಗೆ ಹೇಳಿದ್ದೇನೆ. ಮೊದಲ ಕೆಲವು ಸಲ ಪೀಠ ಅದನ್ನು ತೀರ್ಮಾನಿಸದೆ ಬೇರೆ ಅಂಶದ ಮೇಲೆ ಅರ್ಜಿ ಮುಗಿಸಬಹುದು, ಆದರೆ ದಾಖಲೆಯಲ್ಲಿ ಇಲ್ಲದ ಪ್ರಶ್ನೆಯನ್ನು ಯಾವ ಪೀಠವೂ ತಾನಾಗಿ ಎತ್ತಿಕೊಳ್ಳುವುದಿಲ್ಲ.